ಏಳೂ ನಲವತ್ತರ ನೀರು

ಬೀದಿಯ ಎರಡೂ ಬದಿಯ ಮನೆಗಳಲ್ಲಿ ಜನ ಎದ್ದು ನಲ್ಲಿ ತಿರುಗಿಸುವ ಹೊತ್ತು. ಇಂಜಿನಿಯರ್ ರಸ್ತೆಯಂಚಿನ ಕೆಂಪು ಹೈಡ್ರಂಟಿನ, ಬೆಂಕಿ ಆರಿಸಲು ನೀರು ಕೊಡುವ ದಪ್ಪ ನಲ್ಲಿಯ, ಪಕ್ಕ ನಿಂತು, ನೀರಿನ ಒತ್ತಡ ಅಳೆಯುವ ಗೇಜಿನ ಪೆಟ್ಟಿಗೆಯನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ದಾಟಿಸುತ್ತ ಕೇಳಿಸಿಕೊಳ್ಳುತ್ತಿದ್ದ. ಮೇಲಿನ ಮಹಡಿಯಲ್ಲಿ ಯಾರೋ ಗಂಟಲು ಕೆರೆದು ಉಗಿದರು, ಹಿಂದೆಯೇ ನೀರು ಬಿದ್ದ ಸದ್ದು. ಎದುರು ಮನೆಯಲ್ಲಿ ಬಕೆಟ್ಟು ತುಂಬುತ್ತಿತ್ತು. ಒಂದು ಬಕೆಟ್ಟಿಗೆ ಹದಿನೈದು ಲೀಟರ್, ಒಂದು ಸ್ನಾನಕ್ಕೆ ಮೂರು ಬಕೆಟ್ಟು, ಮನೆಗೆ ನಾಲ್ಕು ಸ್ನಾನ. ಬೇಡವೆಂದರೂ ತಲೆ ತನ್ನ ಪಾಡಿಗೆ ಗುಣಿಸುತ್ತ ಹೋಗುತ್ತದೆ. ಮೂವತ್ತು ವರ್ಷದಿಂದ ಇದೇ ಕಸುಬು. ಆಫೀಸಿನಲ್ಲಿ ಅವನಿಗೆ ‘ಲೀಟರ್ ಸಾರ್’ ಎಂದು ಹೆಸರು ಬಿದ್ದು ಎಷ್ಟು ಕಾಲವಾಗಿತ್ತೆಂದರೆ, ಹೊಸದಾಗಿ ಸೇರಿದವರು ಅದು ಅವನ ಮನೆತನದ ಹೆಸರೇ ಇರಬೇಕೆಂದುಕೊಳ್ಳುತ್ತಿದ್ದರು. ಕಟ್ಟಡಕ್ಕೆ ಬೆಂಕಿ ಬಿದ್ದರೆ ಆರಿಸಲು ಎಷ್ಟು ನೀರು ಬೇಕು, ಅದರಲ್ಲಿ ಬೀದಿಯ ಕೊಳವೆ ಎಷ್ಟು ಕೊಟ್ಟೀತು, ಉಳಿದದ್ದಕ್ಕೆ ಎಷ್ಟು ದೊಡ್ಡ ತೊಟ್ಟಿ ಕಟ್ಟಿಸಬೇಕು, ಇದಿಷ್ಟೇ ಅವನ ವಿದ್ಯೆ. ಬಹಳ ಕಟ್ಟಡಗಳಿಗೆ ಬೆಂಕಿ ಬೀಳುವುದೇ ಇಲ್ಲ. ಹಾಗಾಗಿ ಅವನ ಲೆಕ್ಕ ಸರಿಯೋ ತಪ್ಪೋ ಎಂಬುದು ಮೂವತ್ತು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಕಳೆದ ವರ್ಷ ಗೊತ್ತಾಯಿತು. ಗೊತ್ತಾದದ್ದು ಅವನೊಬ್ಬನಿಗೆ.

ನಿನ್ನೆ ಚಿಕ್ಕ ಯಜಮಾನ ಹೊಸ ಫೈಲೊಂದನ್ನು ಮೇಜಿನ ಮೇಲೆ ತಂದಿಟ್ಟಿದ್ದ. ದೊಡ್ಡ ಯಜಮಾನರ ಮಗ. ಚಿಕ್ಕಂದಿನಲ್ಲಿ ಅಂಕಲ್ ಎನ್ನುತ್ತ ಇವನ ಪೆನ್ಸಿಲ್ ಕದಿಯುತ್ತಿದ್ದವನು ಈಗ ಸಾರ್ ಎನ್ನುತ್ತಾನೆ, ಆದರೆ ಕೂರದೆ ನಿಂತೇ ಮಾತಾಡುತ್ತಾನೆ. “ಹೆರಿಗೆ ಆಸ್ಪತ್ರೆ ಸಾರ್, ಐದು ಮಹಡಿ. ಬೀದಿ ನಿಮಗೆ ಗೊತ್ತಿರೋದೇ. ಹಳೇ ಟೆಸ್ಟ್ ಶೀಟನ್ನೇ ಲಗತ್ತಿಸಿಬಿಡಿ, ಎರಡು ವರ್ಷದ ತನಕ ನಡೆಯುತ್ತೆ ಅಂತ ನೀವೇ ಹೇಳ್ತೀರಲ್ಲ.” ಇವನು ಫೈಲಿನ ದಾರ ಬಿಚ್ಚುತ್ತ, ತನ್ನ ದನಿ ಎಲ್ಲಿಂದ ಬರುತ್ತಿದೆಯೆಂದು ತನಗೇ ತಿಳಿಯದೆ, “ಹೊಸದಾಗಿ ಮಾಡ್ಬೇಕು” ಎಂದ. “ಯಾಕೆ ಸಾರ್? ನಿಮ್ಮ ಶೀಟಿನ ಮೇಲೆ ನಿಮಗೇ ನಂಬಿಕೆ ಇಲ್ವಾ?” ಎಂದು ಅವನು ನಕ್ಕ. ಅದು ಬರೀ ತಮಾಷೆ. ಆದರೂ ಕಿವಿಯ ತುದಿ ಬಿಸಿಯಾಗಿ, ಅಕ್ಕಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರೆಂದು ಭಾಸವಾಗಿ, ಇವನು ಬಗ್ಗಿ ನೆಲದ ಮೇಲೆ ಬೀಳದೇ ಇದ್ದ ಪೆನ್ನನ್ನು ಹುಡುಕಿದ್ದ.

ಬೀದಿಯ ಕೊನೆಗೆ ಆ ಕಟ್ಟಡ ಕಾಣುತ್ತಿತ್ತು. ನೋಡಬಾರದೆಂದುಕೊಂಡೇ ಬಂದಿದ್ದ, ನೋಡಿದ. ನಾಲ್ಕು ಮಹಡಿಯ ಸಿದ್ಧ ಉಡುಪಿನ ಕಾರ್ಖಾನೆ, ಈಗ ಕೆಳಗಿನ ಬಾಗಿಲಿಗೆಲ್ಲ ತಗಡು ಹೊಡೆದಿದ್ದಾರೆ. ಮೂರನೆಯ ಮಹಡಿಯ ಕಿಟಕಿಗಳ ಮೇಲೆ ಮಸಿ ಹಾಗೇ ಇದೆ. ಒಂದು ಮಳೆಗಾಲ ಕಳೆದರೂ ತೊಳೆದುಹೋಗಿಲ್ಲ. ಆ ಕಟ್ಟಡಕ್ಕೆ ನಿಮಿಷಕ್ಕೆ ಸಾವಿರದ ಒಂಬೈನೂರು ಲೀಟರ್ ನೀರು ಬೇಕು, ಅದೂ ಒಂದು ಗಂಟೆ ಕಾಲ. ಬೀದಿಯ ಕೊಳವೆ ನಿಮಿಷಕ್ಕೆ ಸಾವಿರದ ನೂರು ಕೊಡುತ್ತದೆಂದು ಇವನ ಪರೀಕ್ಷೆ ಹೇಳಿತ್ತು. ಉಳಿದ ಎಂಟುನೂರು ಲೀಟರ್ ಅರವತ್ತು ನಿಮಿಷ ಬರಲೆಂದು ನಲವತ್ತೆಂಟು ಸಾವಿರ ಲೀಟರಿನ ತೊಟ್ಟಿ. ಅಚ್ಚುಕಟ್ಟಾದ ಲೆಕ್ಕ, ಸಹಿ ಹಾಕುವಾಗ ಖುಷಿಯಾಗಿತ್ತು. ಬೆಂಕಿ ಬಿದ್ದದ್ದು ಒಂದು ಕೆಲಸದ ದಿನ, ಬೆಳಿಗ್ಗೆ ಎಂಟಕ್ಕೆ ಕಾಲು ಗಂಟೆ ಇರುವಾಗ. ಅರವತ್ತು ನಿಮಿಷ ಬರಬೇಕಾಗಿದ್ದ ತೊಟ್ಟಿ ಮೂವತ್ತೇ ನಿಮಿಷಕ್ಕೆ ಬರಿದಾಯಿತು. ಅಗ್ನಿಶಾಮಕದವರು ಎರಡನೇ ಮಹಡಿ ದಾಟಿ ಮೆಟ್ಟಿಲಿನ ತಿರುವಿನಲ್ಲಿದ್ದರು, ಕೈಯಲ್ಲಿದ್ದ ಪೈಪು ಮೆತ್ತಗಾಯಿತು. ಮೇಲೆ ಬಟ್ಟೆ ಪೇರಿಸಿದ್ದ ಕೋಣೆಯಲ್ಲಿ ಗುಂಡಿ ಹೊಲಿಯುವ ಹುಡುಗಿಯೊಬ್ಬಳು ಸಿಕ್ಕಿಕೊಂಡಿದ್ದಳು. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಇನ್ನೂ ಕೇಳುತ್ತಿತ್ತೆಂದು ಅವರಲ್ಲೊಬ್ಬ ಹೇಳಿಕೆ ಕೊಟ್ಟಿದ್ದ. ವಿಚಾರಣೆಯ ವರದಿ ಬರುವ ಎಷ್ಟೋ ಮೊದಲೇ ಇವನು ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಹಿಂದುಮುಂದಾಗಿ ಲೆಕ್ಕ ಹಾಕಿ ನೋಡಿದ್ದ. ಮೂವತ್ತು ನಿಮಿಷಕ್ಕೆ ತೊಟ್ಟಿ ಖಾಲಿಯಾಗಬೇಕಾದರೆ ಅದರಿಂದ ನಿಮಿಷಕ್ಕೆ ಸಾವಿರದ ಆರುನೂರು ಹೋಗಿರಬೇಕು. ಅಂದರೆ ಬೀದಿಯಿಂದ ಬಂದದ್ದು ಬರೀ ಮುನ್ನೂರು. ಆಮೇಲೆ ಆ ಅಂಚನ್ನು ಹರಿದು, ಮತ್ತೆ ಹರಿದು, ಉಂಡೆ ಮಾಡಿ, ಎಲ್ಲಿ ಎಸೆಯುವುದೆಂದು ತೋಚದೆ ಜೇಬಿನಲ್ಲಿಟ್ಟುಕೊಂಡೇ ಊಟಕ್ಕೆ ಕೂತಿದ್ದ. ಹೆಂಡತಿ ಇನ್ನೊಂದು ಸೌಟು ಬಡಿಸಿದ್ದಳು, ತಿಂದಿದ್ದ.

ಸೈಕಲ್ಲಿನ ಗಂಟೆ ಕೇಳಿಸಿತು. ನೀರುಗಂಟಿ ಬಂದ. ಹಿಂದಿನ ಕ್ಯಾರಿಯರಿಗೆ ಉದ್ದನೆಯ ಕಬ್ಬಿಣದ ಕೀಲಿಯನ್ನು ಹಳೆಯ ಟ್ಯೂಬಿನಿಂದ ಬಿಗಿದು ಕಟ್ಟಿದ್ದ. ನೆಲದೊಳಗಿನ ವಾಲ್ವು ತಿರುಗಿಸುವ ಕೀಲಿ, ಆಳೆತ್ತರದ್ದು. ಇಪ್ಪತ್ತೆರಡು ವರ್ಷ ಈ ಭಾಗದ ಬೀದಿಗಳಿಗೆ ನೀರು ಬಿಟ್ಟವನು ಅವನೇ. ಬೆಂಕಿಗೆ ಹದಿನೈದು ದಿನ ಮುಂಚೆ ಈ ಬೀದಿಯ ಕೊಳವೆ ರಿಪೇರಿಯಾಗಿತ್ತು, ವಾಲ್ವು ಮುಚ್ಚಿ ತೆರೆದವನೂ ಅವನೇ. ಪೂರ್ತಿ ತೆರೆಯಲು ಇಪ್ಪತ್ತು ಸುತ್ತು. ತಾನು ಇಪ್ಪತ್ತೂ ತಿರುಗಿಸಿದ್ದೇನೆಂದು ಅವನು ಹೇಳಿದ. ಆದರೆ ಬೆಂಕಿಯ ಗಡಿಬಿಡಿಯಲ್ಲಿ ಯಾರು ಯಾರೋ ವಾಲ್ವು ತಿರುಗಿಸಿದ್ದರಿಂದ ಅದು ಮೊದಲು ಹೇಗಿತ್ತೆಂದು ತೋರಿಸಲು ಏನೂ ಉಳಿದಿರಲಿಲ್ಲ. ಕಾಗದದ ಪ್ರಕಾರ ಬೀದಿಯಲ್ಲಿ ನೀರಿತ್ತು, ಕಟ್ಟಡಕ್ಕೆ ಬರಲಿಲ್ಲ, ಹಾಗಾದರೆ ವಾಲ್ವೇ ಅರೆಬರೆ ತೆರೆದಿರಬೇಕು. ಗೂಬೆ ನೀರುಗಂಟಿಯ ತಲೆಯ ಮೇಲೆ ಕೂತಿತು. ಅವನನ್ನು ಬೀದಿಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಅಲ್ಲಿ ವಾಷರು, ನಟ್ಟು, ಬೋಲ್ಟು ಎಣಿಸಿ ಕೊಡುವುದು ಕೆಲಸ. ಅಲ್ಲಿನವರು ಅವನನ್ನು ಕರೆಯುವುದು ‘ಹದಿನೆಂಟು’ ಎಂದು. ಎರಡು ಸುತ್ತು ಬಿಟ್ಟವನೆಂದು ಅರ್ಥ. ಇವತ್ತು ಈ ಬೀದಿಯ ವಾಲ್ವಿನ ಗುಂಡಿ ಎಲ್ಲಿದೆಯೆಂದು ಬೇರೆ ಯಾರಿಗೂ ಗೊತ್ತಿಲ್ಲದ್ದರಿಂದ ಒಂದು ದಿನದ ಮಟ್ಟಿಗೆ ಅವನ ಕೈಗೆ ಕೀಲಿ ಕೊಟ್ಟು ಕಳಿಸಿದ್ದರು.

“ನೀವು ಬೇಗ ಬಂದ್ರಿ” ಎಂದ ಇಂಜಿನಿಯರ್.

“ಏನ್ ಸಾರ್, ನನಗೆ ನೀವು ತಾವು ಅಂತ ಮರ್ಯಾದೆ?” ನೀರುಗಂಟಿ ಹಲ್ಲು ಬಿಟ್ಟು ನಕ್ಕ. “ಉಗ್ರಾಣದಲ್ಲಿ ಒಂದು ವರ್ಷ ಕೂತು ಬೊಜ್ಜು ಬಂದಿದೆ ಅಂತ ದೊಡ್ಡ ಮನುಷ್ಯ ಅಂದ್ಕೊಂಡ್ರಾ?”

ಬೊಜ್ಜು ಬಂದಿರಲಿಲ್ಲ, ಸೊರಗಿದ್ದ. ಶರ್ಟಿನ ಕಾಲರು ಕೊರಳಿನಿಂದ ದೂರ ನಿಂತಿತ್ತು. ವಿಚಾರಣೆಯ ದಿನ ಇದೇ ಶರ್ಟು ಹಾಕಿದ್ದನೆ? ಆ ದಿನ ಇಂಜಿನಿಯರಿಗೆ ಕುರ್ಚಿ ಕೊಟ್ಟಿದ್ದರು, ಟೀ ಕೊಟ್ಟಿದ್ದರು. ಇದು ನಿಮ್ಮ ಸಹಿಯೇ ಎಂದರು, ಹೌದೆಂದ. ಪರೀಕ್ಷೆ ಬೆಳಿಗ್ಗೆ ಏಳೂ ನಲವತ್ತಕ್ಕೆ ಮಾಡಿದ್ದೀರಿ, ಅಲ್ಲವೇ ಎಂದರು. ಅದನ್ನು ಕೇಳಿದವರು ಇವನ ಮುಖವನ್ನೂ ನೋಡಲಿಲ್ಲ, ಕಾಗದದಲ್ಲಿದ್ದದ್ದನ್ನೇ ಓದಿದರು. ಹೌದೆಂದ. ಟೀ ಬಿಸಿಯಿತ್ತು. ಅರ್ಧ ತೆರೆದ ಬಾಗಿಲಿನಾಚೆ ನೀರುಗಂಟಿ ತನ್ನ ಸರದಿಗೆ ಕಾಯುತ್ತ ನಿಂತಿದ್ದ, ಎರಡು ಗಂಟೆಯಿಂದ ನಿಂತಿದ್ದ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಿದ್ದ. ಯಾರೂ ಕಳಚೆಂದು ಹೇಳಿರಲಿಲ್ಲ. ಹೊರಗೆ ಬರುವಾಗ ಅವನು ಇವನಿಗೆ ನಮಸ್ಕಾರ ಮಾಡಿದ್ದ. ಒಂದು ವರ್ಷದಿಂದ ಇವನು ಆ ಹುಡುಗಿಯ ಸಾವನ್ನು ನೆನೆಯುವುದಕ್ಕಿಂತ ಹೆಚ್ಚು ಸಲ ಆ ನಮಸ್ಕಾರವನ್ನು ನೆನೆದಿದ್ದಾನೆ, ಅದಕ್ಕೂ ನಾಚಿಕೆಪಟ್ಟುಕೊಂಡಿದ್ದಾನೆ.

“ಸ್ವಲ್ಪ ಬೇಗ ಮುಗಿಸೋಣ ಸಾರ್” ಎಂದ ನೀರುಗಂಟಿ, ಗುಂಡಿಯ ಮುಚ್ಚಳ ಎತ್ತುತ್ತ. “ಶುಕ್ರವಾರ, ಅಮ್ಮನ ಮನೆಗೆ ಹೋಗ್ಬೇಕು. ಇಲ್ಲೇ ಹಿಂದಿನ ಬೀದಿ.”

“ನಿಮ್ಮ ತಾಯಿ ಇಲ್ಲೇ ಇದ್ದಾರಾ?”

“ನನ್ನ ತಾಯಿ ಹೋಗಿ ಯಾವ ಕಾಲ ಆಯ್ತು. ಆ ಹುಡುಗಿ ತಾಯಿ, ಸಾರ್.” ಅವನು ತಗ್ಗಿದ ದನಿಯಲ್ಲೇನೂ ಹೇಳಲಿಲ್ಲ, ಮುಚ್ಚಳದ ಮಣ್ಣು ಕೊಡವುತ್ತ ಹೇಳಿದ. “ಇಸ್ತ್ರಿ ಮಾಡ್ತಾರೆ. ಎದೆ ನೋವು, ಡಾಕ್ಟ್ರು ಇಸ್ತ್ರಿ ಬಿಡಿ ಅಂದಿದ್ದಾರೆ, ಕೇಳೋ ಜೀವ ಅಲ್ಲ. ಶುಕ್ರವಾರ ಶುಕ್ರವಾರ ಇದ್ದಿಲು ತಂದುಕೊಟ್ಟು, ಬಟ್ಟೆ ಗಂಟು ಮನೆಮನೆಗೆ ತಲುಪಿಸ್ತೀನಿ. ಮೊದಲನೇ ಸಲ ಹೋದಾಗ ಕೆನ್ನೆಗೆ ಬಾರಿಸಿದ್ರು. ಎರಡನೇ ಸಲ ಬಾಗಿಲು ಹಾಕ್ಕೊಂಡ್ರು. ಈಗ ಮಗಾ ಅಂತಾರೆ.” ಮುಚ್ಚಳವನ್ನು ಪಕ್ಕಕ್ಕಿಟ್ಟು, “ಬೈಸ್ಕೊಂಡಿದ್ದೇ ಒಳ್ಳೇದಾಯ್ತು ಸಾರ್. ಬೈಸ್ಕೊಳ್ಳದೇ ಹೋಗಿದ್ರೆ ನನಗೆ ಹುಚ್ಚು ಹಿಡೀತಿತ್ತು” ಎಂದ.

ಇಂಜಿನಿಯರ್ ಪೆಟ್ಟಿಗೆ ತೆರೆದು ಗೇಜನ್ನು ಬಟ್ಟೆಯಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ನೀರುಗಂಟಿ ಕೀಲಿಯನ್ನು ಗುಂಡಿಗಿಳಿಸಿದ. ಕೀಲಿ ವಾಲ್ವಿನ ತಲೆಗೆ ಕಚ್ಚಿಕೊಂಡ ಸದ್ದಿಗೆ ಅವನ ಮುಖದಲ್ಲಿ ಒಂದು ಕಳೆ ಬಂತು. “ಮೊದಲು ಪೂರ್ತಿ ಮುಚ್ತೀನಿ ಸಾರ್, ಆಮೇಲೆ ತೆಗೀತೀನಿ. ನೀವೂ ಜೊತೆಗೆ ಎಣಿಸ್ಬೇಕು, ಜೋರಾಗಿ. ಸಾಕ್ಷಿಗೆ” ಎಂದ. ಮುಚ್ಚಿಯಾದ ಮೇಲೆ, ತೆರೆಯುವಾಗ, ಬೀದಿಯ ಮಧ್ಯೆ ಇಬ್ಬರು ನಡುವಯಸ್ಸಿನ ಗಂಡಸರು ಒಂದನೇ ತರಗತಿಯವರ ಹಾಗೆ ಒಂದು, ಎರಡು, ಮೂರು ಎಂದು ಕೂಗಿ ಎಣಿಸಿದರು. ಹಾಲು ತರುತ್ತಿದ್ದವಳೊಬ್ಬಳು ನಿಂತು ನೋಡಿ ನಕ್ಕು ಹೋದಳು. ಹತ್ತೊಂಬತ್ತಕ್ಕೆ ನೀರುಗಂಟಿಯ ಕೊರಳಿನ ನರ ಉಬ್ಬಿತು. ಇಪ್ಪತ್ತು. ಕೀಲಿ ನಿಂತಿತು, ಇನ್ನು ತಿರುಗಲೊಲ್ಲದು. “ನೋಡಿ, ಮುಟ್ಟಿ ನೋಡಿ” ಎಂದ. ಇಂಜಿನಿಯರ್ ಮುಟ್ಟಿ ನೋಡಿದ. ಕಬ್ಬಿಣ ತಣ್ಣಗಿತ್ತು, ನೀರುಗಂಟಿಯ ಕೈ ಹಿಡಿದಿದ್ದ ಕಡೆ ಮಾತ್ರ ಬೆಚ್ಚಗಿತ್ತು.

ಈ ಪರೀಕ್ಷೆಯನ್ನು ಬೆಳಿಗ್ಗೆಯೇ ಮಾಡಬೇಕು, ಊರೆಲ್ಲ ನೀರು ಬಳಸುವ ಹೊತ್ತಿನಲ್ಲಿ. ಆಗ ಕೊಳವೆಯಲ್ಲಿ ಎಷ್ಟು ಉಳಿಯುತ್ತದೋ ಅಷ್ಟನ್ನೇ ನಂಬಬೇಕು. ಬೆಂಕಿ ಹೊತ್ತುಗೊತ್ತು ನೋಡುವುದಿಲ್ಲ. ಇದು ಅವನೇ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದ ಮೊದಲ ಪಾಠ. ಆದರೆ ಬೆಳಿಗ್ಗೆ ಹೈಡ್ರಂಟು ಬಿಚ್ಚಿದರೆ ಕೊಳವೆಯ ತುಕ್ಕೆಲ್ಲ ಕದಡಿ ಅರ್ಧ ಗಂಟೆ ಮನೆಮನೆಗೂ ಕೆಂಪು ನೀರು ಹೋಗುತ್ತದೆ. ಸ್ನಾನಕ್ಕೆ ಹೋದವರು ಸೋಪು ಹಚ್ಚಿಕೊಂಡು ನಿಲ್ಲಬೇಕಾಗುತ್ತದೆ, ಬಿಳಿ ಬಟ್ಟೆ ನೆನೆಹಾಕಿದವರದು ಕೇಳುವುದೇ ಬೇಡ. ಬೇರೊಂದು ಬೀದಿಯಲ್ಲಿ, ನಾಲ್ಕೈದು ವರ್ಷದ ಹಿಂದೆ, ಒಬ್ಬ ಮನುಷ್ಯ ಟವೆಲು ಸುತ್ತಿಕೊಂಡೇ ಕೆಳಗಿಳಿದು ಬಂದು ಒಂದು ಬಕೆಟ್ಟು ಕೆಂಪು ನೀರನ್ನು ಇವನ ತಲೆಯ ಮೇಲಿಂದ ಸುರಿದಿದ್ದ. ತಗೋ, ನಿನ್ನ ಪರೀಕ್ಷೆ, ಎಂದಿದ್ದ. ಮೇಲಿನ ಕಿಟಕಿಗಳಲ್ಲಿ ಜನ ನಕ್ಕಿದ್ದರು. ಆಫೀಸಿನ ಇಬ್ಬರು ಹುಡುಗಿಯರು ಜೊತೆಗಿದ್ದರು. ಅವರು ನಗಲಿಲ್ಲ, ಬೇರೆ ಕಡೆ ನೋಡಿದರು, ಅದು ನಕ್ಕಿದ್ದಕ್ಕಿಂತ ಹೆಚ್ಚಾಯಿತು. ಮನೆಗೆ ಹೋಗಿ ಮೂರು ಸಲ ತಲೆ ತೊಳೆದರೂ ಕಿವಿಯಿಂದ ಮಣ್ಣು ಬರುತ್ತಲೇ ಇತ್ತು. ಹೆಂಡತಿಗೆ ಜಾರಿ ಬಿದ್ದೆನೆಂದು ಹೇಳಿದ್ದ. ಅಲ್ಲಿಂದ ಮುಂದೆ ಬೆಳಗಿನ ಪರೀಕ್ಷೆ ಎಂದರೆ ಮೈಯೆಲ್ಲ ಮುದುಡುತ್ತಿತ್ತು. ಇಷ್ಟೇ ಕಾರಣ. ಇದನ್ನು ಯಾರಿಗೆ ಹೇಗೆ ಹೇಳುವುದು? ಒಂದು ಬಕೆಟ್ಟು ನೀರಿಗೆ ಹೆದರಿದೆ ಎಂದು?

ಹಾಗಾಗಿ ಕಾರ್ಖಾನೆಯ ಪರೀಕ್ಷೆಗೆಂದು ಈ ಬೀದಿಗೆ ರಜೆಯ ದಿನ ಮಧ್ಯಾಹ್ನ ಎರಡಕ್ಕೆ ಬಂದಿದ್ದ, ಹೆಂಡತಿಯನ್ನು ಕರೆದುಕೊಂಡು. ಅಲ್ಲಿಂದ ಹಾಗೇ ಅವಳ ಅಕ್ಕನ ಮನೆಗೆ ಹೋಗುವುದಿತ್ತು. ಅವಳು ಹೊಸ ಸೀರೆಯುಟ್ಟಿದ್ದಳು. ಬೀದಿ ಉಂಡು ಮಲಗಿತ್ತು, ಅಂಗಡಿ ಕಾರ್ಖಾನೆ ಎಲ್ಲ ಮುಚ್ಚಿತ್ತು, ಒಂದು ನಲ್ಲಿಯ ಸದ್ದೂ ಇರಲಿಲ್ಲ. ಅವಳ ಕೈಗೆ ಗೇಜು ಕೊಟ್ಟು, ಮುಳ್ಳು ಎಲ್ಲಿ ನಿಲ್ಲುತ್ತದೋ ಕೂಗಿ ಹೇಳು ಎಂದು, ಐವತ್ತು ಹೆಜ್ಜೆ ಆಚೆಯ ಹೈಡ್ರಂಟನ್ನು ಬಿಚ್ಚಿದ. ನೀರು ಬಿಳಿಯ ತೊಲೆಯಂತೆ ರಸ್ತೆಗೆ ನುಗ್ಗಿತು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಎಳೆಯ ಹುಡುಗಿಯ ಹಾಗೆ, “ಮೂರು! ಮೂರರ ಮೇಲೇ ಇದೆ, ರೀ!” ಎಂದು ಕೂಗಿದಳು. ಎಷ್ಟೋ ವರ್ಷದ ಮೇಲೆ ಅವಳು ಅಷ್ಟು ಜೋರಾಗಿ ಕೂಗಿದ್ದು, ಅವನು ಅಷ್ಟು ನಕ್ಕದ್ದು. ಆಮೇಲೆ ಫಾರಂ ತುಂಬುವಾಗ ಸಮಯದ ಕಾಲಂನಲ್ಲಿ ಕೈ ತಾನಾಗಿ ಬೆ. ೭:೪೦ ಎಂದು ಬರೆಯಿತು. ಅವರ ಕಸುಬಿನಲ್ಲಿ ಎಲ್ಲರೂ ಬರೆಯುವುದು ಅದನ್ನೇ. ಈ ದಿನ ಬೆಳಿಗ್ಗೆ ಹೊರಡುವಾಗ ಅವಳು ಡಬ್ಬಿ ಕಟ್ಟಿಕೊಡುತ್ತ, “ಮತ್ತೆ ಆ ನೀರಿನ ಪರೀಕ್ಷೆನಾ? ನನ್ನನ್ನೂ ಕರ್ಕೊಂಡು ಹೋಗಬಾರದಾ” ಎಂದಿದ್ದಳು. ಆ ಮಧ್ಯಾಹ್ನದ ಮಾತು ಅವಳು ಆಗಾಗ ಎತ್ತುತ್ತಾಳೆ. ಎತ್ತಿದಾಗಲೆಲ್ಲ ಅವನು ಎದ್ದು ಹೋಗಿ ಏನಾದರೂ ಹುಡುಕುತ್ತಾನೆ.

“ಬಿಡ್ಲಾ ಸಾರ್?” ಐವತ್ತು ಹೆಜ್ಜೆಯಾಚೆಯಿಂದ ನೀರುಗಂಟಿ ಕೂಗಿದ.

ಗಡಿಯಾರದಲ್ಲಿ ಏಳೂ ನಲವತ್ತು. ಇವತ್ತು ಸುಳ್ಳಿಲ್ಲ. “ಬಿಡಿ” ಎಂದ. ಆಚೆ ನೀರು ಕೆಂಪಗೆ ಉಗುಳಿತು, ಕೆಮ್ಮಿತು, ಆಮೇಲೆ ನಿಧಾನವಾಗಿ ಚರಂಡಿಯತ್ತ ಬಾಗಿ ಹರಿಯತೊಡಗಿತು. ಗೇಜಿನ ಮುಳ್ಳು ಎರಡರಿಂದ ಒಂದೂವರೆಗೆ, ಒಂದಕ್ಕೆ, ಒಂದರ ಕೆಳಗೆ ಇಳಿಯಿತು. ಇಳಿದು ಅಲ್ಲೇ ನಡುಗುತ್ತ ನಿಂತಿತು. ಮೇಲೆ ಯಾರದೋ ಬಚ್ಚಲಿನಿಂದ, “ಯಾವನೋ ಅವನು ನೀರು ನಿಲ್ಲಿಸಿದವನು? ಸೋಪು ಹಚ್ಕೊಂಡು ನಿಂತಿದೀನಿ ಇಲ್ಲಿ!” ಎಂದು ಹೆಂಗಸಿನ ದನಿ ಬಂತು. “ಐದೇ ನಿಮಿಷ ಅಕ್ಕಾ, ನೊರೆಯಲ್ಲೇ ಚೆನ್ನಾಗಿ ಕಾಣ್ತೀರ!” ಎಂದು ನೀರುಗಂಟಿ ಕೂಗಿದ, ಕಿಟಕಿಯಿಂದ ಬೈಗುಳದ ಜೊತೆಗೆ ನಗುವೂ ಬಂತು. ಅಷ್ಟೇ. ಯಾರೂ ಬಕೆಟ್ಟು ಹಿಡಿದು ಇಳಿಯಲಿಲ್ಲ. ಇಂಜಿನಿಯರ್ ನೀರು ಹರಿಯುವಲ್ಲಿಗೆ ಹೋಗಿ ಅದರ ವೇಗ ಅಳೆದು, ಗೇಜಿನ ಬಳಿಗೆ ಹಿಂತಿರುಗಿ, ಎರಡೂ ಅಂಕಿಗಳನ್ನು ಮೊಣಕಾಲಿನ ಮೇಲಿಟ್ಟ ಪ್ಯಾಡಿನಲ್ಲಿ ಬರೆದು, ಕೋಷ್ಟಕ ನೋಡಿ ಭಾಗಿಸಿದ. ಇನ್ನೂರ ತೊಂಬತ್ತು. ಮುನ್ನೂರೆಂದೇ ಇಟ್ಟುಕೊಳ್ಳಬಹುದು. ತಾಳೆಯಾಯಿತು, ಎಂದಿತು ಮನಸ್ಸು. ಪತ್ರಿಕೆಯ ಅಂಚಿನಲ್ಲಿ ತಾನು ಹಾಕಿದ ಲೆಕ್ಕ ಸರಿಯಾಗಿತ್ತು, ಹತ್ತು ಲೀಟರಿಗಿಂತ ಹೆಚ್ಚು ತಪ್ಪಿರಲಿಲ್ಲ. ಒಂದು ಅರೆಗಳಿಗೆ ಅವನಿಗೆ ಸಂತೋಷವಾಯಿತು, ಮೂವತ್ತು ವರ್ಷದ ಅಭ್ಯಾಸದ ಸಂತೋಷ. ಅದು ಸಂತೋಷವೆಂದು ತಿಳಿದೊಡನೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಹೈಡ್ರಂಟಿನ ತಲೆ ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

ನೀರುಗಂಟಿ ಆಚೆಯ ಹೈಡ್ರಂಟು ಮುಚ್ಚಿ ಓಡಿಬಂದ. “ಏನಾಯ್ತು ಸಾರ್? ಎಷ್ಟು ಬಂತು?”

“ಕಮ್ಮಿ ಬಂತು.”

“ಕಮ್ಮಿ ಅಂದ್ರೆ?”

“ಬಹಳ ಕಮ್ಮಿ. ಮುನ್ನೂರು.”

ನೀರುಗಂಟಿಯ ಮುಖ ಸುಣ್ಣವಾಯಿತು. ವಾಲ್ವಿನ ಗುಂಡಿಯತ್ತ ನೋಡಿದ, ತನ್ನ ಅಂಗೈ ನೋಡಿಕೊಂಡ. “ಸಾರ್, ನಾನು ಪೂರ್ತಿ ತೆಗೆದಿದೀನಲ್ಲ? ನೀವೂ ಎಣಿಸಿದ್ರಲ್ಲ? ಇಪ್ಪತ್ತು ಆಯ್ತಲ್ಲ ಸಾರ್?” ಎನ್ನುತ್ತ ಓಡಿಹೋಗಿ ಕೀಲಿ ಹಿಡಿದು, ತಿರುಗದ ವಾಲ್ವನ್ನು ಮೈಭಾರವೆಲ್ಲ ಹಾಕಿ ತಿರುಗಿಸಲು ನೋಡಿದ. “ಎಲ್ಲೋ ಒಂದು ಸುತ್ತು ತಪ್ಪಿರಬೇಕು. ಹನ್ನೊಂದಾದ ಮೇಲೆ ಹದಿಮೂರು ಅಂದ್ಬಿಟ್ನಾ ಏನೋ. ಇನ್ನೊಂದು ಸಲ ಮುಚ್ಚಿ ತೆಗೀತೀನಿ, ತಡೀರಿ ಸಾರ್, ಒಂದೇ ಒಂದು ಸಲ.” ಕೀಲಿ ಜಾರಿ ಗುಂಡಿಯ ಅಂಚಿಗೆ ಬಡಿಯುತ್ತಿತ್ತು. ಒಂದು ವರ್ಷ ಈ ಮನುಷ್ಯ ಹೀಗೆಯೇ ಮಲಗಿ, ಹೀಗೆಯೇ ಎದ್ದು, ಹೀಗೆಯೇ ಎಣಿಸಿದ್ದಾನೆ ಎಂಬುದು ಇಂಜಿನಿಯರಿಗೆ ಕಣ್ಣೆದುರೇ ಕಂಡಿತು. ಬೀದಿಯ ಕೆಲಸ ಹೋದದ್ದಲ್ಲ, ಅಡ್ಡಹೆಸರು ಬಿದ್ದದ್ದಲ್ಲ. ಇಪ್ಪತ್ತೆರಡು ವರ್ಷ ನಂಬಿದ ಕೈಯನ್ನು ಅವನು ನಂಬದ ಹಾಗೆ ಮಾಡಿದ್ದು ತಾನು. ಹೇಳಬೇಕೆಂದು ಬಾಯಿ ತೆರೆದ. ಎಷ್ಟು ಸಲ ಕನ್ನಡಿಯೆದುರು ನಿಂತು ಹೇಳಿ ನೋಡಿದ್ದ ಮಾತು, ಒಂದು ಅಕ್ಷರವೂ ಹೊರಡಲಿಲ್ಲ.

ಆಗ ಅವನು ಮಾಡಬಲ್ಲದ್ದನ್ನು ಮಾಡಿದ. ಫಾರಂ ತೆಗೆದು, ಕಾರ್ಬನ್ ಸೇರಿಸಿ, ತುಂಬತೊಡಗಿದ. ದಿನ, ಸಮಯ, ಒತ್ತಡ, ಹರಿವು. ವಾಲ್ವು: ಪೂರ್ತಿ ತೆರೆದಿದೆ, ಇಪ್ಪತ್ತು ಸುತ್ತು, ಖುದ್ದಾಗಿ ಎಣಿಸಿದ್ದೇನೆ. ಕೊನೆಯಲ್ಲಿ ಷರಾ ಎಂಬ ಕಾಲಂ ಇರುತ್ತದೆ. ಮೂವತ್ತು ವರ್ಷದಲ್ಲಿ ಅವನು ಅಲ್ಲಿ ‘ಏನೂ ಇಲ್ಲ’ ಎಂಬುದರ ಹೊರತು ಬೇರೇನೂ ಬರೆದವನಲ್ಲ. ಈಗ ಬರೆದ: ಇದೇ ಬೀದಿಯ ಹಿಂದಿನ ಪರೀಕ್ಷೆಯನ್ನು ನಾನು ರಜೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಮಾಡಿ, ಬೆಳಿಗ್ಗೆ ೭:೪೦ ಎಂದು ಸುಳ್ಳು ನಮೂದಿಸಿದ್ದೇನೆ. ವಿಚಾರಣೆಯಲ್ಲೂ ಅದೇ ಸುಳ್ಳು ಹೇಳಿದ್ದೇನೆ. ಬೆಳಗಿನ ಆ ಹೊತ್ತಿನಲ್ಲಿ ಈ ಕೊಳವೆಯಲ್ಲಿ ಇಷ್ಟೇ ನೀರು ಇರುತ್ತದೆ. ಕಾರ್ಖಾನೆಯ ತೊಟ್ಟಿ ಬೇಗ ಬರಿದಾದದ್ದು ನನ್ನ ಲೆಕ್ಕದಿಂದ, ವಾಲ್ವಿನಿಂದಲ್ಲ. ಕಾಲಂ ಚಿಕ್ಕದು, ಕೊನೆಯ ಎರಡು ಸಾಲು ಅಂಚಿನಲ್ಲಿ ನೆಟ್ಟಗೆ ಮೇಲಕ್ಕೆ ಹೋದವು. ಸಹಿ ಹಾಕಿ, ಸಾಕ್ಷಿಯ ಸಹಿಗೆಂದು ಪ್ಯಾಡನ್ನು ನೀರುಗಂಟಿಯತ್ತ ಚಾಚಿದ.

ನೀರುಗಂಟಿ ಸಹಿ ಹಾಕಲೆಂದು ಪೆನ್ನು ತೆಗೆದುಕೊಂಡವನು, ಹಿಂದೆಂದೋ ನಂಬಿ ಸಹಿ ಹಾಕಿ ಕೆಟ್ಟವನ ಹಾಗೆ, ಓದಲು ನಿಂತ. ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು ಓದಿದ. ಅಂಚಿನ ಸಾಲಿಗೆ ಪ್ಯಾಡನ್ನು ತಿರುಗಿಸಿ ಓದಿದ. ಮತ್ತೆ ಮೊದಲಿಂದ ಓದಿದ. ಬಾರಿಸುತ್ತಾನೆ ಎಂದುಕೊಂಡು ಇಂಜಿನಿಯರ್ ಕಾದ. ಬಾರಿಸಲಿ ಎಂದು ಅವನ ಇಡೀ ಮೈ ಬೇಡುತ್ತಿತ್ತು.

“ನನ್ನ ಹೆಂಡತಿ ಒಬ್ಬಳೇ ಹೇಳ್ತಿದ್ಲು, ನೀವು ಬಿಟ್ಟಿರಲ್ಲ, ಇಪ್ಪತ್ತೂ ತಿರುಗಿಸಿರ್ತೀರ ಅಂತ” ಎಂದ ನೀರುಗಂಟಿ ಕೊನೆಗೆ. “ಅವಳನ್ನೂ ಬೈದೆ. ನಿನಗೇನು ಗೊತ್ತು ಅಂತ.” ಸಹಿ ಹಾಕಿದ. ಸಾವಕಾಶವಾಗಿ, ಪೂರ್ತಿ ಹೆಸರು ಬರೆದ. ಇಂಜಿನಿಯರ್ ಕಾರ್ಬನ್ ಪ್ರತಿಯನ್ನು ಹರಿದು ಕೊಟ್ಟ. ಅವನು ಅದನ್ನು ಮಡಿಸಿ ಜೇಬಿಗಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡ. “ಸಾರ್, ಒಂದು ಕೇಳ್ತೀನಿ. ಇನ್ನು ಮೇಲೆ ನಾನು ಆ ಮನೆಗೆ ಏನಂತ ಹೋಗ್ಲಿ? ತಪ್ಪು ಮಾಡಿದವನು ಅಂತ ಹೋಗ್ತಿದ್ದೆ. ತಪ್ಪು ಮಾಡದವನಿಗೆ ಅಲ್ಲೇನು ಕೆಲಸ?”

ಈ ಮನುಷ್ಯನಿಗೆ ಹೊರೆ ಇಳಿಯುತ್ತದೆ, ಅವನು ಅತ್ತಾನು, ಬೈದಾನು, ತಾನು ತಲೆ ತಗ್ಗಿಸಿ ನಿಂತೇನು ಎಂದಷ್ಟೇ ಇಂಜಿನಿಯರ್ ಎಣಿಸಿದ್ದ. ಹೊರೆಯ ಜೊತೆಗೆ ಒಬ್ಬ ತಾಯಿಯೂ ಇಳಿದು ಹೋಗುತ್ತಾಳೆಂದು ಅವನ ಲೆಕ್ಕದಲ್ಲಿ ಇರಲಿಲ್ಲ. “ನಾನೂ ಬರ್ತೀನಿ” ಎಂದ. “ನಾನೇ ಹೇಳ್ತೀನಿ.” ನೀರುಗಂಟಿ ಗುಂಡಿಯ ಮುಚ್ಚಳ ಎಳೆದು, ಕೀಲಿಯನ್ನು ಸೈಕಲ್ಲಿಗೆ ಕಟ್ಟಿ, ಸೈಕಲ್ಲು ತಳ್ಳಿಕೊಂಡು ಹೊರಟ. ದಾರಿಯಲ್ಲಿ ಒಂದು ಅಂಗಡಿಯಲ್ಲಿ ನಿಂತು, ಎಂದಿನಂತೆ, ಒಂದು ಚೀಲ ಇದ್ದಿಲು ತೆಗೆದುಕೊಂಡ.

ಒಂದೇ ಕೋಣೆಯ ಮನೆ. ಬಾಗಿಲಿಗೆ ಅಡ್ಡವಾಗಿ ಇಸ್ತ್ರಿಯ ಮೇಜು ಹಾಕಿಕೊಂಡು ಮುದುಕಿ ನಿಂತಿದ್ದಳು. ಸಣ್ಣ ಆಕೃತಿ, ತೋಳು ಮಾತ್ರ ಗಟ್ಟಿ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಬಿಳಿ ಅಂಗಿಯ ಬೆನ್ನ ಮೇಲೆ ಓಡಿಸುತ್ತ, “ಏನೋ ಇಷ್ಟು ತಡ? ತಿಂಡಿ ಆರೋಯ್ತು” ಎಂದವಳು ಹಿಂದಿದ್ದವನನ್ನು ನೋಡಿ ಸೆರಗು ಸರಿಮಾಡಿಕೊಂಡಳು. “ಯಾರು ಇವರು? ಬಟ್ಟೆ ಕೊಡೋಕೆ ಬಂದ್ರಾ?” ಇಂಜಿನಿಯರಿಗೆ ಈ ಸಲ ಬಾಯಿ ಬಂತು. ಮೆಟ್ಟಿಲ ಮೇಲೆ ನಿಂತು ಹೇಳಿದ, ಲೀಟರುಗಳಿಲ್ಲದೆ ಹೇಳಿದ. ಬೀದಿಯಲ್ಲಿ ಬೆಳಿಗ್ಗೆ ನೀರು ಇರುವುದಿಲ್ಲ, ಇದೆಯೆಂದು ತಾನು ಬರೆದುಕೊಟ್ಟೆ, ಬರೆದದ್ದು ಸುಳ್ಳು, ಅದನ್ನು ನಂಬಿ ತೊಟ್ಟಿ ಚಿಕ್ಕದಾಗಿ ಕಟ್ಟಿದರು, ನಿಮ್ಮ ಮಗಳ ಹತ್ತಿರ ಹೋಗುವಷ್ಟರಲ್ಲಿ ನೀರು ಮುಗಿಯಿತು. ಇವನು ವಾಲ್ವು ಸರಿಯಾಗೇ ತೆರೆದಿದ್ದ. ಇವನ ತಪ್ಪು ಏನೂ ಇಲ್ಲ. ಹೇಳಿ ಮುಗಿದ ಮೇಲೆ ಎಷ್ಟು ಚಿಕ್ಕ ಮಾತು ಎನ್ನಿಸಿತು. ಅಂಗಿ ಸುಡುವ ವಾಸನೆ ಬಂದು ಮುದುಕಿ ಪೆಟ್ಟಿಗೆಯನ್ನು ಥಟ್ಟನೆ ಎತ್ತಿ ಪಕ್ಕಕ್ಕಿಟ್ಟಳು. ಬೆನ್ನ ಮೇಲೆ ಕಂದು ಗುರುತು ಬಿದ್ದಿತ್ತು. ಅದನ್ನು ಬೆರಳಿನಿಂದ ಉಜ್ಜಿದಳು.

ಆಮೇಲೆ ಮೇಜನ್ನು ಸರಿಸಿ ಹೊರಗೆ ಬಂದು ನೀರುಗಂಟಿಯ ಎದುರು ನಿಂತಳು. ಅವಳ ತಲೆ ಅವನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಕೈಯೆತ್ತಿ ಅವನ ಎಡಗೆನ್ನೆಯನ್ನು ಮುಟ್ಟಿದಳು. “ಇಲ್ಲೇ ಅಲ್ವೇನೋ ನಾನು ಹೊಡೆದದ್ದು” ಎಂದಳು. “ನಾನಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ ನೀನು?”

“ನಾನೇ ಅಂದ್ಕೊಂಡಿದ್ದೆ ಅಮ್ಮಾ” ಎಂದ ಅವನು. ಅಷ್ಟು ಹೇಳಿ, ಇದ್ದಿಲಿನ ಚೀಲವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ಅವಳು ಚೀಲ ಕಸಿದುಕೊಂಡು ಕೆಳಗಿಟ್ಟು, ಅವನ ತೋಳು ಹಿಡಿದು ಒಳಗೆ ಕಳಿಸಿದಳು. “ಹೋಗು, ಕೂತ್ಕೋ. ಮುಖ ತೊಳ್ಕೋ. ತಪ್ಪು ಮಾಡಿದ್ರೇನೇ ಬರ್ಬೇಕು ಅಂತ ನಾನು ಹೇಳಿದ್ನಾ ನಿನಗೆ?”

ಇಂಜಿನಿಯರ್ ಮೆಟ್ಟಿಲ ಮೇಲೆಯೇ ಇದ್ದ. ತನ್ನ ಕೆನ್ನೆಯೂ ಇದೆ ಎಂದು ಹೇಳಬೇಕೆನ್ನಿಸಿತು. ಅವಳು ಅವನತ್ತ ತಿರುಗಿದಾಗ ಕಣ್ಣು ಒದ್ದೆಯಾಗಿರಲಿಲ್ಲ, ಬರೀ ದಣಿದಿತ್ತು.

“ನೋಡಿ ಸ್ವಾಮಿ” ಎಂದಳು. “ಇವನ ಮೇಲಿನ ಸಿಟ್ಟು ಇಳಿಸ್ಕೊಳ್ಳೋಕೆ ನನಗೆ ಪೂರ್ತಿ ಒಂದು ವರ್ಷ ಹಿಡೀತು. ದಿನಾ ಒಂದಿಷ್ಟು, ದಿನಾ ಒಂದಿಷ್ಟು ಇಳಿಸ್ಕೊಂಡೆ. ಈಗ ನಿಮ್ಮ ಮೇಲೆ ಮತ್ತೆ ಮೊದಲಿಂದ ಸಿಟ್ಟು ಮಾಡ್ಕೊಂಡು, ಅದನ್ನೂ ಇಳಿಸ್ಕೊಳ್ಳೋಷ್ಟು ದಿನ ನನ್ನ ಹತ್ರ ಇಲ್ಲ. ನೀವು ಹೋಗಿ.”

ಅವಳು ಒಳಗೆ ಹೋಗಿ ಮೇಜನ್ನು ಮತ್ತೆ ಬಾಗಿಲಿಗೆ ಅಡ್ಡ ಎಳೆದುಕೊಂಡಳು.